ಹೂಂ ಅನ್ನುವ ಮೊದಲು

ಲಿನಕ್ಸ್ ಇರುವ ಯಾವ ಕಂಪ್ಯೂಟರಿನ ಒಳಗೆ ಇಣುಕಿದರೂ ‘ಆರ್‌ಸಿ’ ಎಂಬ ಎರಡಕ್ಷರ ಒಂದಲ್ಲ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಬ್ಯಾಶ್‌ಆರ್‌ಸಿ, ವಿಮ್‌ಆರ್‌ಸಿ, ಆರ್‌ಸಿ ಡಾಟ್ ಲೋಕಲ್ ಹೀಗೆ ಫೈಲುಗಳ ಹೆಸರಿನ ತಲೆಗೋ ಬಾಲಕ್ಕೋ ಅದು ಅಂಟಿಕೊಂಡಿರುತ್ತದೆ. ನಮ್ಮ ಕಸುಬಿಗೆ ಹೊಸದಾಗಿ ಬಂದ ಹುಡುಗರು ಅದೇನೆಂದು ಕೇಳುವುದಿಲ್ಲ. ದಿನಾ ದಾಟುವ ಹೊಸ್ತಿಲಿನ ಬಗ್ಗೆ ಯಾರು ಕೇಳುತ್ತಾರೆ? ಆದರೆ ಆ ಎರಡಕ್ಷರದ ಹಿಂದೆ, ಒಂದೇ ಕೆಲಸವನ್ನು ದಿನವೂ ಮಾಡಿ ಬೇಸತ್ತ ಒಬ್ಬ ಫ್ರೆಂಚ್ ಎಂಜಿನಿಯರ್ ಇದ್ದಾನೆ.

ಆತನ ಹೆಸರು ಲೂಯಿ ಪೂಜಾಂ. 1963ರ ಸುಮಾರಿಗೆ ಆತ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ. ಒಂದೇ ದೊಡ್ಡ ಐಬಿಎಂ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಲು ಅನುವು ಮಾಡಿಕೊಟ್ಟ ಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಅಲ್ಲಿ ಒಂದು ಪ್ರೋಗ್ರಾಮನ್ನು ಬರೆದು, ಅದನ್ನು ಯಂತ್ರಭಾಷೆಗೆ ಇಳಿಸಿ, ಜೋಡಿಸಿ, ಓಡಿಸಿ ನೋಡಲು ಅದೇ ನಾಲ್ಕಾರು ಆಜ್ಞೆಗಳನ್ನು ಪ್ರತಿ ಸಲವೂ ಟೈಪ್ ಮಾಡಬೇಕಿತ್ತು. ಪೂಜಾಂ ಆ ಆಜ್ಞೆಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟು, ಆ ಫೈಲನ್ನೇ ಓದಿಕೊಂಡು ಒಂದೊಂದಾಗಿ ನಡೆಸುವ ಒಂದು ಪ್ರೋಗ್ರಾಮ್ ಬರೆದ. ಹೆಸರು ‘ರನ್‌ಕಾಮ್’. ಅದರ ಮೊದಲ ಅಕ್ಷರ ‘ಆರ್’, ಮಧ್ಯದ ‘ಸಿ’, ಇವೆರಡೇ ಅರವತ್ತು ವರ್ಷಗಳಿಂದ ಸವೆಯದೆ ಉಳಿದು ಬಂದಿವೆ. ಮುಂದೆ ಮಲ್ಟಿಕ್ಸ್ ಎಂಬ ಇನ್ನೂ ದೊಡ್ಡ ವ್ಯವಸ್ಥೆಗಾಗಿ ಇದೇ ವಿಚಾರವನ್ನು ಬೆಳೆಸಿ ಟಿಪ್ಪಣಿ ಬರೆದಾಗ, ಬಳಕೆದಾರನ ಮಾತನ್ನು ಕೇಳಿಸಿಕೊಳ್ಳುವ ಆ ಹೊರಪದರಕ್ಕೆ ಆತನೇ ‘ಶೆಲ್’ ಎಂದು ಕರೆದ. ಚಿಪ್ಪು ಎಂದು ಅರ್ಥ. 1965ರಲ್ಲಿ ಆತ ಫ್ರಾನ್ಸಿಗೆ ಮರಳಿದ. ಶೆಲ್ ಬರೆಯುವ ಕೆಲಸ ಗ್ಲೆಂಡಾ ಶ್ರೋಡರ್ ಮುಂತಾದವರ ಕೈಗೆ ಹೋಯಿತು.

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮುಂಬಯಿಯಲ್ಲಿ ಸರ್ವರುಗಳ ರಿಪೇರಿ ಮಾಡಿಕೊಂಡು ಬದುಕಿದವನು. ಊರಲ್ಲಿ ಕೇಳಿದರೆ ‘ಕಂಪ್ಯೂಟರಲ್ಲಿದ್ದಾನೆ’ ಎಂದಷ್ಟೇ ಹೇಳುತ್ತಾರೆ. ಈ ಕೆಲಸಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಒಂದೇ ಪ್ರಶ್ನೆ. ಕೆಟ್ಟದ್ದನ್ನು ಸರಿಪಡಿಸುವ ಕೆಲಸವನ್ನು ಯಂತ್ರಕ್ಕೇ ಬರೆದುಕೊಟ್ಟಾಗ, ಅದು ತಾನಾಗಿ ಎಷ್ಟು ದೂರ ಹೋಗಬಹುದು, ಎಲ್ಲಿ ನಿಂತು ಮನುಷ್ಯನನ್ನು ಕರೆಯಬೇಕು? ಈ ಗೆರೆಯನ್ನು ಯಾರು ಎಳೆದರು, ಯಾವಾಗ ಎಳೆದರು ಎಂಬುದನ್ನು ಹೇಳಲು ಹೊರಟಿದ್ದೇನೆ. ಕಂಪ್ಯೂಟರಿನ ಗೊಡವೆ ಬೇಡ ಎನ್ನುವವರೂ ಓದಬಹುದು. ಇದರಲ್ಲಿ ಶಾನುಭೋಗರ ಲೆಕ್ಕದ ಮಾತೇ ಹೆಚ್ಚು.

ಬೆಲ್ ಲ್ಯಾಬ್ಸ್‌ನವರು ಮಲ್ಟಿಕ್ಸ್‌ನಿಂದ ಹೊರಬಂದ ಮೇಲೆ, 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ಶುರುಮಾಡಿದರು. ಥಾಂಪ್ಸನ್ ಬರೆದ ಮೊದಲ ಶೆಲ್ ತೀರಾ ಚಿಕ್ಕದು. ಅದರಲ್ಲಿ ‘ಹೀಗಿದ್ದರೆ ಹಾಗೆ ಮಾಡು’ ಎನ್ನುವ ಮಾತೂ ಶೆಲ್ಲಿನ ಒಳಗಿರಲಿಲ್ಲ. ‘ಇಫ್’ ಮತ್ತು ‘ಗೋಟು’ ಬೇರೆಯೇ ಪ್ರೋಗ್ರಾಮುಗಳು. ಶೆಲ್ ಓದುತ್ತಿದ್ದ ಸ್ಕ್ರಿಪ್ಟ್ ಫೈಲಿನಲ್ಲಿ ಓದುವ ಜಾಗವನ್ನೇ ‘ಗೋಟು’ ಹಿಂದಕ್ಕೋ ಮುಂದಕ್ಕೋ ಸರಿಸಿ ಹೋಗುತ್ತಿತ್ತು. ಪುಸ್ತಕ ಓದುತ್ತಿರುವವರ ಕೈಯಿಂದ ಪಕ್ಕದವರು ಪುಟ ಮಗುಚಿದ ಹಾಗೆ. ಅಂಥದರಲ್ಲಿ ರಿಪೇರಿಯಂಥ ಸೂಕ್ಷ್ಮದ ಕೆಲಸ ಬರೆಯುವುದು ಕಷ್ಟ. ಹಾಗಾಗಿ ಆ ಕಾಲದಲ್ಲಿ ರಿಪೇರಿ ಎಂದರೆ ಕೈಕೆಲಸವೇ.

ಆ ಕೈಕೆಲಸ ಎಂಥದು ಎಂದು ತಿಳಿಯಲು ಡಿಸ್ಕಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಒಂದು ಊರಿನ ಜಮೀನಿನ ಲೆಕ್ಕವನ್ನು ನೆನಪು ಮಾಡಿಕೊಳ್ಳಿ. ಪ್ರತಿ ತುಂಡಿಗೂ ಒಂದು ಸರ್ವೆ ನಂಬರು. ಆ ನಂಬರಿನ ಪಹಣಿಯಲ್ಲಿ ವಿಸ್ತೀರ್ಣ, ಒಡೆತನ, ಇತ್ಯಾದಿ. ಜನ ಮಾತ್ರ ನಂಬರಿನಲ್ಲಿ ಮಾತಾಡುವುದಿಲ್ಲ, ‘ಕೆರೆಕೆಳಗಿನ ಗದ್ದೆ’, ‘ಹುಣಸೆಮರದ ಹೊಲ’ ಎನ್ನುತ್ತಾರೆ. ಯುನಿಕ್ಸ್ ಡಿಸ್ಕಿನಲ್ಲೂ ಹಾಗೆಯೇ. ಪ್ರತಿ ಫೈಲಿಗೂ ‘ಐನೋಡ್’ ಎಂಬ ನಂಬರಿನ ಪಹಣಿಯೊಂದಿದೆ. ಡಿಸ್ಕಿನ ಯಾವ ಯಾವ ಜಾಗ ಆ ಫೈಲಿನದು, ಅದಕ್ಕೆ ಎಷ್ಟು ಹೆಸರುಗಳಿವೆ ಎಂಬುದೆಲ್ಲ ಅಲ್ಲಿ ದಾಖಲು. ನಾವು ನೋಡುವ ಹೆಸರುಗಳು ಡೈರೆಕ್ಟರಿ ಎಂಬ ಬೇರೆ ಪಟ್ಟಿಯಲ್ಲಿವೆ. ಯಾರಿಗೂ ಸೇರದ ಖಾಲಿ ಜಾಗಗಳಿಗೆ ಇನ್ನೊಂದು ಪಟ್ಟಿ. ಊರ ಗೋಮಾಳದ ಲೆಕ್ಕ ಅನ್ನಿ.

ಈ ಮೂರೂ ಪಟ್ಟಿಗಳು ಒಂದಕ್ಕೊಂದು ತಾಳೆಯಾಗಬೇಕು. ತೊಂದರೆ ಎಂದರೆ, ಯಂತ್ರ ಬದಲಾವಣೆಗಳನ್ನು ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಆ ದಿನಗಳ ಯುನಿಕ್ಸಿನಲ್ಲಿ ‘ಅಪ್‌ಡೇಟ್’ ಎಂಬ ಪುಟ್ಟ ಪ್ರೋಗ್ರಾಮ್ 30 ಸೆಕೆಂಡಿಗೊಮ್ಮೆ ‘ಬರೆದುಬಿಡು’ ಎಂದು ಜ್ಞಾಪಿಸುತ್ತಿತ್ತು. ಆ 30 ಸೆಕೆಂಡಿನ ನಡುವೆ ಕರೆಂಟು ಹೋದರೆ? ಗದ್ದೆ ಮಾರಿದ್ದು ಹೆಸರಿನ ಪಟ್ಟಿಯಲ್ಲಿ ಬಂದಿದೆ, ಪಹಣಿಯಲ್ಲಿ ಬಂದಿಲ್ಲ. ಅಥವಾ ಒಂದೇ ತುಂಡು ಇಬ್ಬರ ಪಹಣಿಯಲ್ಲಿದೆ. ಯಾರದೋ ಹೊಲ ಗೋಮಾಳದ ಪಟ್ಟಿಗೂ ಸೇರಿದೆ. ಊರಲ್ಲಾದರೆ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆಯಬೇಕಾದ ಸಂಗತಿಗಳು ಇವು.

1975ರ ಆರನೇ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ‘ಕ್ರ್ಯಾಶ್’ ಎಂಬ ಹೆಸರಿನದೇ ಒಂದು ಪುಟವಿದೆ. ಅದು ಪ್ರೋಗ್ರಾಮಿನ ವಿವರಣೆಯಲ್ಲ; ಯಂತ್ರ ಬಿದ್ದಾಗ ಮನುಷ್ಯ ಏನು ಮಾಡಬೇಕು ಎಂಬ ಸೂಚನೆ. ಜೊತೆಗೆ ಐಚೆಕ್, ಡಿಚೆಕ್, ಎನ್‌ಚೆಕ್, ಸಿಎಲ್‌ಆರ್‌ಐ ಎಂಬ ನಾಲ್ಕು ಉಪಕರಣಗಳು. ಐಚೆಕ್ ಜಾಗಗಳ ಲೆಕ್ಕ ನೋಡುತ್ತಿತ್ತು, ಡಿಚೆಕ್ ಹೆಸರುಗಳ ಲೆಕ್ಕ. ಎನ್‌ಚೆಕ್ ನಂಬರು ಕೊಟ್ಟರೆ ಹೆಸರು ಹುಡುಕಿಕೊಡುತ್ತಿತ್ತು. ಸಿಎಲ್‌ಆರ್‌ಐ ಒಂದು ಪಹಣಿಯನ್ನೇ ಅಳಿಸಿಹಾಕುತ್ತಿತ್ತು. ಇಲ್ಲಿ ಸಾಕಷ್ಟು ತಿಳಿದವರೂ ಎಡವುತ್ತಿದ್ದ ಒಂದು ಜಾಗವಿತ್ತು. ಮೂಲ ಡಿಸ್ಕನ್ನು ಸರಿಪಡಿಸಿದ ಮೇಲೆ ಯಂತ್ರವನ್ನು ತಕ್ಷಣ, ‘ಬರೆದುಬಿಡು’ ಎಂಬ ಆಜ್ಞೆ ಕೊಡದೆ ಮತ್ತೆ ಎಬ್ಬಿಸಬೇಕು. ಕೊಟ್ಟರೆ ನೆನಪಿನಲ್ಲಿ ಉಳಿದ ಹಳೆಯ ಕೆಟ್ಟ ಲೆಕ್ಕವೇ ಹೊಸದಾಗಿ ತಿದ್ದಿದ್ದರ ಮೇಲೆ ಬರೆದುಕೊಳ್ಳುತ್ತಿತ್ತು. ಯಂತ್ರ ನಿಲ್ಲಿಸುವ ಮೊದಲು ಎರಡು ಮೂರು ಸಲ ‘ಬರೆದುಬಿಡು’ ಎನ್ನುವುದು ಎಲ್ಲ ಆಪರೇಟರುಗಳ ಒಳ್ಳೆಯ ಅಭ್ಯಾಸ. ಇಲ್ಲಿ ಆ ಒಳ್ಳೆಯ ಅಭ್ಯಾಸವೇ ಮಾಡಿದ ಕೆಲಸವನ್ನೆಲ್ಲ ಹಾಳುಮಾಡುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ಎರಡು ಸಂಗತಿಗಳು ನಡೆದವು. ಬೆಲ್ ಲ್ಯಾಬ್ಸ್‌ನ ಟಿ.ಜೆ. ಕೊವಾಲ್‌ಸ್ಕಿ ಈ ಬಿಡಿ ಉಪಕರಣಗಳ ಕೆಲಸವನ್ನೆಲ್ಲ ಸೇರಿಸಿ ಒಂದೇ ಪ್ರೋಗ್ರಾಮ್ ಬರೆದರು. ನಾಲ್ಕೇ ಅಕ್ಷರದ ಅದರ ಹೆಸರನ್ನು ನಮ್ಮವರು ‘ಎಫ್‌ಎಸ್-ಚೆಕ್’ ಎಂದು ಹೇಳುತ್ತಾರೆ. (ಮೊದಲು ಅದರ ಎರಡನೇ ಅಕ್ಷರ ಬೇರೆಯಿತ್ತಂತೆ. ರಾತ್ರಿ ಪಾಳಿಯಲ್ಲಿ ಅದರೊಡನೆ ಹೆಣಗಿದವರಿಗೆ ಆ ಅಕ್ಷರ ಯಾವುದೆಂದು ಊಹಿಸಲು ಕಷ್ಟವಿಲ್ಲ.) ನನ್ನ ದೃಷ್ಟಿಯಲ್ಲಿ ಅದು ಡಿಸ್ಕಿನ ಜಮಾಬಂದಿ. ತಹಶೀಲ್ದಾರರು ಹಳ್ಳಿಗೆ ಬಂದು ಎಲ್ಲ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ತಾಳೆ ನೋಡುವ ಹಾಗೆ, ಅದು ಐದು ಸುತ್ತಿನಲ್ಲಿ ಲೆಕ್ಕ ನೋಡುತ್ತದೆ. ಮೊದಲು ಜಾಗ, ಆಮೇಲೆ ಹೆಸರು, ಆಮೇಲೆ ಹೆಸರಿನಿಂದ ಹೆಸರಿಗೆ ದಾರಿ ಇದೆಯೇ ಎಂಬುದು, ಆಮೇಲೆ ಹೆಸರುಗಳ ಎಣಿಕೆ, ಕೊನೆಗೆ ಖಾಲಿ ಜಾಗ. ಹೆಸರೇ ಕಳೆದುಕೊಂಡ, ಆದರೆ ಒಳಗೆ ಮಾಲು ಇರುವ ಫೈಲು ಸಿಕ್ಕರೆ ಅದನ್ನು ಎಸೆಯುವುದಿಲ್ಲ. ‘ಲಾಸ್ಟ್ ಅಂಡ್ ಫೌಂಡ್’ ಎಂಬ ಡೈರೆಕ್ಟರಿಯಲ್ಲಿ, ಅದರ ಐನೋಡ್ ನಂಬರನ್ನೇ ಹೆಸರಾಗಿಟ್ಟು ಕೂರಿಸುತ್ತದೆ. ಸರ್ವೆ ನಂಬರು ಉಳಿದು, ಯಾರ ಹೊಲವೆಂದು ಮರೆತುಹೋದ ಜಮೀನು.

ಇದಕ್ಕಿಂತ ಮುಖ್ಯವಾದದ್ದು ಅದು ಕೇಳುವ ರೀತಿ. ತಪ್ಪೊಂದು ಕಂಡಾಗ ಎಫ್‌ಎಸ್-ಚೆಕ್ ಅದನ್ನು ವಿವರಿಸಿ, ‘ಸರಿಪಡಿಸಲೇ?’ ಎಂದು ಕೇಳುತ್ತದೆ. ವೈ ಎಂದರೆ ಹೂಂ, ಎನ್ ಎಂದರೆ ಊಹೂಂ. ಪ್ರತಿ ತಪ್ಪಿಗೂ ಒಂದು ಪ್ರಶ್ನೆ. ನೂರು ತಪ್ಪಿದ್ದರೆ ನೂರು ಹೂಂ. ಹಾಗಾಗಿ ಅದಕ್ಕೆ ಮೊದಲೇ ಒಂದು ಅಡ್ಡದಾರಿಯನ್ನೂ ಇಟ್ಟರು: ಆಜ್ಞೆಯ ಜೊತೆ ‘ವೈ’ ಎಂದು ಸೇರಿಸಿದರೆ ಅದು ಎಲ್ಲ ಪ್ರಶ್ನೆಗೂ ತಾನೇ ಹೂಂ ಅಂದುಕೊಳ್ಳುತ್ತದೆ.

ಎರಡನೆಯ ಸಂಗತಿ 1979ರ ಏಳನೇ ಆವೃತ್ತಿಯೊಂದಿಗೆ ಬಂದ ಹೊಸ ಶೆಲ್. ಬರೆದವರು ಸ್ಟೀಫನ್ ಬೋರ್ನ್. ಕೇಂಬ್ರಿಜ್‌ನಲ್ಲಿ ಆಲ್ಗಾಲ್ 68 ಭಾಷೆಯ ಮೇಲೆ ಕೆಲಸ ಮಾಡಿ ಬಂದಿದ್ದ ಇವರು ಅದರ ವ್ಯಾಕರಣವನ್ನು ಶೆಲ್ಲಿಗೂ ತಂದರು. ‘ಇಫ್’ ಎಂದು ತೆರೆದದ್ದನ್ನು ಅದನ್ನೇ ತಿರುಗಿಸಿ ‘ಫಿ’ ಎಂದು ಮುಚ್ಚಬೇಕು. ‘ಕೇಸ್’ ಅನ್ನು ‘ಎಸಾಕ್’ ಎಂದು. ಅದೇ ಲೆಕ್ಕದಲ್ಲಿ ‘ಡಿಓ’ ಎಂಬುದು ‘ಓಡಿ’ ಎಂದು ಮುಚ್ಚಬೇಕಿತ್ತು. ಆದರೆ ಯುನಿಕ್ಸಿನಲ್ಲಿ ‘ಓಡಿ’ ಎಂಬ ಆಜ್ಞೆ ಆಗಲೇ ಇತ್ತು. ಹಾಗಾಗಿ ಅದೊಂದು ‘ಡನ್’ ಆಯಿತು. ಕನ್ನಡದ ಹುಡುಗರಿಗೆ ಇದನ್ನು ಹೇಳಿಕೊಡುವಾಗ ‘ಓಡಿ’ ಹೋದದ್ದೇ ಒಳ್ಳೆಯದಾಯಿತು ಎಂದು ನಾನು ನಗುವುದುಂಟು.

ಬೋರ್ನ್ ಶೆಲ್ಲಿನಿಂದ ನಮ್ಮ ಕಸುಬಿಗೆ ಸಿಕ್ಕ ದೊಡ್ಡ ಲಾಭ ಬೇರೆ. ಯುನಿಕ್ಸಿನಲ್ಲಿ ಪ್ರತಿ ಪ್ರೋಗ್ರಾಮೂ ಮುಗಿದು ಹೋಗುವಾಗ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸರಿ. ನಮ್ಮಲ್ಲಿ ಸೊನ್ನೆಯೇ ಫಸ್ಟ್ ಕ್ಲಾಸು. ಬೇರೆ ಅಂಕಿಯಾದರೆ ಏನೋ ಆಗಿದೆ. ಈ ಅಂಕಿಯನ್ನು ನೋಡಿ ದಾರಿ ಆರಿಸಿಕೊಳ್ಳುವುದು ಈಗ ಶೆಲ್ಲಿನ ಭಾಷೆಯಲ್ಲೇ ಸಲೀಸಾಯಿತು. ಅಂದರೆ ಬರೆದಿಟ್ಟ ರಿಪೇರಿ, ತನ್ನ ಕೆಲಸ ಫಲಿಸಿತೋ ಇಲ್ಲವೋ ಎಂದು ಸುಲಭವಾಗಿ ತಿರುಗಿ ನೋಡಬಲ್ಲದಾಯಿತು.

ಈ ಎರಡೂ ಸೇರಿದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದವರ ಯುನಿಕ್ಸ್ ಬಿಎಸ್‌ಡಿ. ಅದರಲ್ಲಿ ಎಫ್‌ಎಸ್-ಚೆಕ್‌ಗೆ ಇನ್ನೊಂದು ಬಗೆಯ ನಡೆ ಬಂತು, ‘ಪ್ರೀನ್’ ಎಂದು. ಹಕ್ಕಿ ಕೊಕ್ಕಿನಿಂದ ತನ್ನ ರೆಕ್ಕೆ ನೀವಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ಕರೆಂಟು ಹೋಗಿ ಯಂತ್ರ ಬಿದ್ದರೆ ಯಾವ ಯಾವ ತಪ್ಪುಗಳು ಸಹಜವಾಗಿ ಆಗುತ್ತವೆ ಎಂದು ಅವರು ಪಟ್ಟಿ ಮಾಡಿದರು. ಹೆಸರಿಲ್ಲದ ಐನೋಡ್, ಹೆಚ್ಚಾಗಿ ಎಣಿಕೆಯಾದ ಹೆಸರು, ಖಾಲಿ ಪಟ್ಟಿಯಿಂದ ಬಿಟ್ಟುಹೋದ ಜಾಗ, ಇಂಥವು ನಾಲ್ಕೈದು. ಇವನ್ನು ಯಂತ್ರ ಯಾರನ್ನೂ ಕೇಳದೆ ಸರಿಪಡಿಸಲಿ. ಈ ಪಟ್ಟಿಯ ಆಚೆಗಿನದು ಏನು ಕಂಡರೂ, ಅದು ಬರೀ ಕರೆಂಟು ಹೋದದ್ದರಿಂದ ಆದದ್ದಲ್ಲ, ಡಿಸ್ಕೇ ಕೆಟ್ಟಿರಬಹುದು, ಪ್ರೋಗ್ರಾಮೇ ತಪ್ಪಿರಬಹುದು. ಅಲ್ಲಿ ಕೈ ಹಾಕದೆ ನಿಲ್ಲಬೇಕು. 1983ರ 4.2ಬಿಎಸ್‌ಡಿಗಾಗಿ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಹೊಸ ಫೈಲ್ ವ್ಯವಸ್ಥೆ ಕಟ್ಟಿದಾಗ ಎಫ್‌ಎಸ್-ಚೆಕ್ಕನ್ನೂ ಅದಕ್ಕೆ ಹೊಂದಿಸಿ, ಕೊವಾಲ್‌ಸ್ಕಿಯವರೊಂದಿಗೆ ಅದರ ಬಗ್ಗೆ ಪ್ರಬಂಧವನ್ನೂ ಬರೆದರು. ಯಾವುದನ್ನು ಕೇಳದೆ ತಿದ್ದಬಹುದು, ಯಾಕೆ ತಿದ್ದಬಹುದು ಎಂಬ ತರ್ಕ ಅದರಲ್ಲಿದೆ. ಇಂದಿಗೂ ಹೊಸಬರಿಗೆ ನಾನು ಓದಿಸುವುದು ಅದನ್ನೇ.

ಬಿಎಸ್‌ಡಿಯ ಯಂತ್ರ ಏಳುವಾಗ ನಡೆಸುತ್ತಿದ್ದ ಸ್ಕ್ರಿಪ್ಟಿನ ಹೆಸರು ಬರೀ ‘ಆರ್‌ಸಿ’. ಅದರ ಮೊದಲ ಕೆಲವು ಸಾಲುಗಳು ಇಡೀ ನಮ್ಮ ಕಸುಬಿನ ಮೂಲಪಾಠ ಎಂದು ನನ್ನ ಎಣಿಕೆ. ಸ್ಕ್ರಿಪ್ಟ್ ಎಫ್‌ಎಸ್-ಚೆಕ್ಕನ್ನು ಪ್ರೀನ್ ನಡೆಯಲ್ಲಿ ಕರೆದು, ಅದು ಬಿಟ್ಟುಹೋದ ಅಂಕಿಯನ್ನು ನೋಡುತ್ತದೆ. ಸೊನ್ನೆ ಬಂದರೆ ಮುಂದೆ ಹೋಗು. ನಾಲ್ಕು ಬಂದರೆ ಮೂಲ ಡಿಸ್ಕನ್ನೇ ತಿದ್ದಿದ್ದೇನೆಂದು ಅರ್ಥ. ನೆನಪಿನಲ್ಲಿರುವುದನ್ನು ಬರೆಯದೆ ಕೂಡಲೇ ಮತ್ತೆ ಎಬ್ಬಿಸು. ಮನುಷ್ಯರು ಮರೆಯುತ್ತಿದ್ದ ಆ ‘ಬರೆಯಬೇಡ’ ಇಲ್ಲಿ ಸ್ಕ್ರಿಪ್ಟಿನ ಸಾಲಾಗಿ ಕೂತಿತು. ಎಂಟು ಬಂದರೆ, ತೆರೆಯ ಮೇಲೆ ಒಂದು ಮಾತು ಮೂಡಿಸಿ ಅಲ್ಲಿಗೇ ನಿಲ್ಲುತ್ತದೆ. ತಾನಾಗಿ ಏಳಲು ಆಗಲಿಲ್ಲ ಎಂದು ಹೇಳಿ ಕೊನೆಗೆ ಒಂದೇ ಪದ: ‘ಹೆಲ್ಪ್!’ ಆಶ್ಚರ್ಯಸೂಚಕ ಚಿಹ್ನೆಯೂ ಅವರದೇ. ಕೋಣೆಯಲ್ಲಿ ಯಾರೋ ಇದ್ದಾರೆ, ಕರೆದರೆ ಬರುತ್ತಾರೆ ಎಂಬ ಭರವಸೆ ಇದ್ದವರು ಮಾತ್ರ ಹೀಗೆ ಬರೆಯಬಲ್ಲರು.

ಲಿನಕ್ಸಿನ ಕತೆ ನಿಮಗೆ ತಿಳಿದದ್ದೇ, ಬೇಗ ದಾಟುತ್ತೇನೆ. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ 1989ರಲ್ಲಿ ಬೋರ್ನ್ ಶೆಲ್ಲಿನ ಬದಲಿಗೆ ಬ್ಯಾಶ್ ಬರೆದರು. ಹೆಸರಿನಲ್ಲೇ ‘ಮರುಹುಟ್ಟು’ ಎಂಬ ಶ್ಲೇಷೆಯಿದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಕರ್ನಲ್ ಮೇಲೆ ಮೊದಲು ಓಡಿಸಿ ತೋರಿಸಿದ್ದೇ ಬ್ಯಾಶ್ ಮತ್ತು ಜಿಸಿಸಿ ಕಂಪೈಲರನ್ನು. 1993ರಲ್ಲಿ ಇಎಕ್ಸ್‌ಟಿ2 ಫೈಲ್ ವ್ಯವಸ್ಥೆ, ಅದಕ್ಕೆ ಥಿಯೊಡೋರ್ ತ್ಸೋ ನೋಡಿಕೊಂಡ ಇ2ಎಫ್‌ಎಸ್-ಚೆಕ್. ಬಿಎಸ್‌ಡಿ ಎಳೆದ ಗೆರೆ ಇಲ್ಲಿಗೂ ಬಂತು. ಅಂಕಿಗಳು ಬದಲಾದವು, ಅರ್ಥ ಅದೇ. ಒಂದು ಎಂದರೆ ತಿದ್ದಿದ್ದೇನೆ. ಎರಡು ಎಂದರೆ ತಿದ್ದಿದ್ದೇನೆ, ಮತ್ತೆ ಎಬ್ಬಿಸು. ನಾಲ್ಕು ಎಂದರೆ ತಿದ್ದದೆ ಬಿಟ್ಟಿದ್ದೇನೆ. ನಾಲ್ಕು ಬಂದಾಗ ರೆಡ್ ಹ್ಯಾಟಿನ ಸ್ಕ್ರಿಪ್ಟ್ ‘ತಪ್ಪು ಸಿಕ್ಕಿದೆ, ನಿನ್ನನ್ನು ಶೆಲ್ಲಿಗೆ ಬಿಡುತ್ತಿದ್ದೇನೆ’ ಎಂದು ಹೇಳಿ ಪಾಸ್‌ವರ್ಡ್ ಕೇಳಿ ಕೂರುತ್ತಿತ್ತು.

ನಮ್ಮ ದೇಶದಲ್ಲಿ ಲಿನಕ್ಸ್ ಹರಡಿದ್ದು ಇಂಟರ್ನೆಟ್ಟಿಗಿಂತ ಹೆಚ್ಚಾಗಿ ಸಿಡಿಯಲ್ಲಿ. 1996ರಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಡಲಾರಂಭಿಸಿತು. ಅದರ ಹಿಂದೆ ದುಡಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುಮಾಡಿದವರೂ ಅವರೇ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಜೋಡಿಸಿದ ಅಗ್ಗದ ಯಂತ್ರಗಳಿಗೆ ಆ ಸಿಡಿ ಹಾಕಿ ಕೆಲಸ ಕಲಿತವರ ತಲೆಮಾರು ನಮ್ಮದು.

ನನ್ನ ಮೊದಲ ಕೆಲಸ ಅಂಧೇರಿಯ ಒಂದು ಕಚೇರಿಯಲ್ಲಿ. ಅಲ್ಲಿ ರಾತ್ರಿ ಪಾಳಿಯ ಹಿರಿಯ ಆಪರೇಟರ್ ಒಬ್ಬರಿದ್ದರು, ಉಡುಪಿ ಕಡೆಯವರು. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾ ನೈಟ್ ಸ್ಕೂಲಿನಲ್ಲಿ ಓದಿ, ಎಂಬತ್ತರ ದಶಕದಲ್ಲಿ ಯುನಿಕ್ಸ್ ಕಲಿತವರು. ಅವರ ಬಳಿ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ಯಾವ ಯಂತ್ರ ಯಾವತ್ತು ಬಿತ್ತು, ತೆರೆಯ ಮೇಲೆ ಏನು ಬಂತು, ಏನು ಒತ್ತಿದೆ, ಆಮೇಲೆ ಏನಾಯಿತು ಎಂದು ದಿನಾಂಕ ಸಮೇತ ಬರೆಯುತ್ತಿದ್ದರು. ನಾನು ಪಾಸ್‌ವರ್ಡ್ ಹೊಡೆದು ಸಾಲಾಗಿ ವೈ ಒತ್ತಲು ಹೊರಟರೆ ಕೈ ಹಿಡಿಯುತ್ತಿದ್ದರು. “ಮಾರಾಯಾ, ಅದು ಎಂತ ಕೇಳ್ತಾ ಉಂಟು ಅಂತ ಓದಿಯಾದ್ರೂ ಒತ್ತು. ಹೂಂ ಅಂದದ್ದನ್ನು ವಾಪಸ್ ತೆಗೊಳ್ಳಿಕ್ಕೆ ಬರುದಿಲ್ಲ.”

2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಮುಂಬಯಿಯಲ್ಲಿದ್ದವರಿಗೆ ಆ ದಿನವನ್ನು ವಿವರಿಸಬೇಕಿಲ್ಲ. ನಮ್ಮ ಕಚೇರಿಯ ನೆಲಮಹಡಿಯಲ್ಲಿದ್ದ ಯುಪಿಎಸ್‌ಗೆ ನೀರು ನುಗ್ಗಿ, ಮೇಲಿನ ಮಹಡಿಯ ಸರ್ವರುಗಳೆಲ್ಲ ಒಂದೇ ಕ್ಷಣಕ್ಕೆ ಆರಿದವು. ಮೂರನೇ ದಿನ ಕರೆಂಟು ಬಂದಾಗ ನಾವಿಬ್ಬರೂ ಅಲ್ಲಿದ್ದೆವು. ಅದಕ್ಕೆ ಕೆಲವು ತಿಂಗಳ ಹಿಂದೆ, ರಾತ್ರಿ ಫೋನ್ ಕರೆಗಳ ಕಾಟ ಬೇಡವೆಂದು ಮೇಲಿನವರು ಹೊರಗಿನ ಗುತ್ತಿಗೆದಾರರಿಂದ ಅರ್ಧ ಯಂತ್ರಗಳ ಸ್ಕ್ರಿಪ್ಟ್ ಬದಲಾಯಿಸಿದ್ದರು. ಪ್ರೀನ್ ಇದ್ದಲ್ಲಿ ವೈ ಹಾಕಿಸಿದ್ದರು. ಆ ಯಂತ್ರಗಳು ಯಾರನ್ನೂ ಕೇಳದೆ ಎದ್ದು ನಿಂತವು. ನಮಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಉಳಿದ ಅರ್ಧ ಯಂತ್ರಗಳಲ್ಲಿ ಎರಡು ಮಾತ್ರ ಅಂಕಿ ನಾಲ್ಕಕ್ಕೆ ನಿಂತು ಪಾಸ್‌ವರ್ಡ್ ಕೇಳಿದವು. ಅವುಗಳಲ್ಲೊಂದು, ಒಂದೇ ಜಾಗವನ್ನು ಹಲವು ಫೈಲುಗಳು ತಮ್ಮದೆನ್ನುತ್ತಿವೆ ಎಂದು ಹೇಳಿತು. ಅವರು ಎನ್ ಒತ್ತಿದರು. ಮೊದಲು ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ತೆಗೆಸಿದರು. ಏಳು ತಾಸು ಹಿಡಿಯಿತು. ಆಮೇಲೆ ನಕಲಿನ ಮೇಲೆ ರಿಪೇರಿ ಮಾಡಿ ನೋಡಿ, ಯಾವ ಫೈಲು ನಿಜದ್ದು ಎಂದು ಗೊತ್ತಾದ ಮೇಲೆ ಮೂಲಕ್ಕೆ ಕೈ ಹಾಕಿದರು. ಡೇಟಾ ಉಳಿಯಿತು.

ಕೇಳದೆ ಎದ್ದ ಯಂತ್ರಗಳಲ್ಲಿ ಒಂದರ ಡಿಸ್ಕು ನಿಜವಾಗಿಯೂ ಕೆಟ್ಟಿತ್ತು. ಸೋಮವಾರ ಗುಮಾಸ್ತರು ಫೈಲು ತೆರೆಯಲು ಹೋದಾಗ ಹೆಸರುಗಳೇ ಇಲ್ಲ. ‘ಲಾಸ್ಟ್ ಅಂಡ್ ಫೌಂಡ್’ನಲ್ಲಿ ಸಾವಿರಾರು ನಂಬರುಗಳು. ಕೆಲವುದರ ಒಳಗೆ ಇನ್ನೊಂದರ ಅರ್ಧ ಸೇರಿಕೊಂಡಿತ್ತು. ಬ್ಯಾಕಪ್ ಟೇಪು ಎರಡು ತಿಂಗಳ ಹಿಂದಿನದು. ನಡುವಿನ ಎರಡು ತಿಂಗಳ ವೋಚರುಗಳನ್ನು ನಾಲ್ಕು ಜನ ಕೂತು ಕಾಗದದಿಂದ ಮತ್ತೆ ಟೈಪ್ ಮಾಡಿದರು, ಮೂರು ವಾರ. ಅದರಲ್ಲಿ ಇಬ್ಬರು ದಿನಗೂಲಿಯವರು. ಓವರ್‌ಟೈಮ್ ಸಿಕ್ಕಿತೇ ಎಂದು ಕೇಳಿದರೆ ನಕ್ಕರು.

ಅಂಥ ವೈ ಬರೆಯುವವರು ದುಷ್ಟರಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬರಲು ಯಾರೂ ಇಲ್ಲದ ಕಡೆ ಯಂತ್ರ ನಿಂತುಕೊಂಡು ‘ಹೆಲ್ಪ್’ ಅಂದರೆ ಏನು ಪ್ರಯೋಜನ? ಡೆಬಿಯನ್ನಿನವರೂ ಹೀಗೆ ಎಲ್ಲಕ್ಕೂ ಹೂಂ ಅನ್ನಿಸುವ ಒಂದು ಸೆಟ್ಟಿಂಗ್ ಇಟ್ಟಿದ್ದರು, ಆದರೆ ತಾವಾಗಿ ಅದನ್ನು ‘ಬೇಡ’ ಎಂದೇ ಬಿಟ್ಟಿದ್ದರು. ಬೇಕಾದವರು ಬೇಕೆಂದೇ ಬದಲಾಯಿಸಿಕೊಳ್ಳಬೇಕಿತ್ತು.

ಇದೇ ಗೆರೆ ಡಿಸ್ಕಿನ ಆಚೆಗೂ ಇದೆ. ಕೆಲಸ ಮಾಡುತ್ತಿದ್ದ ಪ್ರೋಗ್ರಾಮ್ ಸತ್ತರೆ ಅದನ್ನು ಮತ್ತೆ ಎಬ್ಬಿಸುವುದು ಹಳೆಯ ‘ಇನಿಟ್’ನ ಕೆಲಸ. ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಲಿನಕ್ಸಿಗಾಗಿ ಬರೆದ ಇನಿಟ್, ಎರಡು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಎಬ್ಬಿಸಬೇಕಾಗಿ ಬಂದರೆ, ಏನೋ ಎಡವಟ್ಟಾಗಿದೆ ಎಂದು ತೆರೆಯ ಮೇಲೆ ಹೇಳಿ ಐದು ನಿಮಿಷ ಕೈಕಟ್ಟಿ ಕೂರುತ್ತಿತ್ತು. 1993ರಲ್ಲಿ ಓಸ್ಲೋದಲ್ಲಿ ಭೌತಶಾಸ್ತ್ರದ ಮಾರ್ಕ್ ಬರ್ಗೆಸ್, ಒಂದೊಂದು ಬಗೆಯ ಯುನಿಕ್ಸಿಗೂ ಒಂದೊಂದು ಸ್ಕ್ರಿಪ್ಟ್ ಬರೆದು ಸಾಕಾಗಿ, ಸಿಎಫ್‌ಎಂಜಿನ್ ಮಾಡಿದರು. ಏನು ಮಾಡಬೇಕು ಎಂಬುದರ ಬದಲು ಹೇಗಿರಬೇಕು ಎಂದು ಬರೆದಿಟ್ಟರೆ, ಹಾಗಿಲ್ಲದ್ದನ್ನು ಮಾತ್ರ ಅದು ಮುಟ್ಟುತ್ತದೆ. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂದಾಗ ಆರ್‌ಸಿ ಸ್ಕ್ರಿಪ್ಟುಗಳ ದೊಡ್ಡ ಕಾಡೇ ಮಾಯವಾಯಿತು. ಆ ಬಗ್ಗೆ ಆದ ಜಗಳ ಇನ್ನೂ ಮುಗಿದಿಲ್ಲ; ನನಗೆ ಎರಡೂ ಪಕ್ಷದಲ್ಲಿ ಸ್ನೇಹಿತರಿದ್ದಾರೆ. ಆದರೆ ಒಂದು ಮಾತು ಹೇಳಬೇಕು. ಸಿಸ್ಟಮ್‌ಡಿಯಲ್ಲಿ ಡಿಸ್ಕ್ ರಿಪೇರಿ ಹೇಗಿರಬೇಕು ಎಂಬ ಆಯ್ಕೆಗೆ ಮೂರು ಉತ್ತರ: ಹೌದು, ಇಲ್ಲ, ಪ್ರೀನ್. ಏನೂ ಹೇಳದಿದ್ದರೆ ಪ್ರೀನ್. ಬರ್ಕ್‌ಲಿಯ ಹಕ್ಕಿ ಇನ್ನೂ ಅಲ್ಲೇ ರೆಕ್ಕೆ ನೀವಿಕೊಳ್ಳುತ್ತಾ ಕೂತಿದೆ.

ಗೆರೆ ಮರೆತ ಸ್ಕ್ರಿಪ್ಟ್ ಏನು ಮಾಡಬಲ್ಲದು ಎಂಬುದಕ್ಕೆ 2015ರ ಜನವರಿಯಲ್ಲಿ ಬಯಲಾದ ಒಂದು ಪ್ರಸಂಗವೇ ಸಾಕು. ಲಿನಕ್ಸಿನಲ್ಲಿ ಆಟಗಳಿಗಾಗಿ ವಾಲ್ವ್ ಕಂಪನಿಯ ಸ್ಟೀಮ್ ಎಂಬ ತಂತ್ರಾಂಶವಿದೆ. ಅದನ್ನು ಶುರುಮಾಡುವ ಶೆಲ್ ಸ್ಕ್ರಿಪ್ಟಿನೊಳಗೆ, ಕೆಟ್ಟುಹೋದ ಸ್ಟೀಮನ್ನು ಮತ್ತೆ ಮೊದಲಿನಂತೆ ಮಾಡುವ ಒಂದು ಭಾಗವಿತ್ತು. ಅಂದರೆ ರಿಪೇರಿಯೇ. ತಾನು ಯಾವ ಡೈರೆಕ್ಟರಿಯಲ್ಲಿದ್ದೇನೆಂದು ಪತ್ತೆಹಚ್ಚಿ, ಅದರ ಒಳಗಿನದನ್ನೆಲ್ಲ ಅಳಿಸುವುದು ಅದರ ಕೆಲಸ. ಸ್ಟೀಮನ್ನು ಬೇರೆ ಕಡೆಗೆ ಸರಿಸಿದ್ದ ಒಬ್ಬ ಬಳಕೆದಾರರ ಯಂತ್ರದಲ್ಲಿ ಆ ಪತ್ತೆ ವಿಫಲವಾಗಿ ಡೈರೆಕ್ಟರಿಯ ಹೆಸರು ಖಾಲಿಯಾಯಿತು. ಖಾಲಿ ಹೆಸರಿನ ಮುಂದೆ ಒಂದು ಓರೆಗೆರೆ, ಒಂದು ನಕ್ಷತ್ರ. ಲಿನಕ್ಸಿನಲ್ಲಿ ಅದಕ್ಕೆ ಅರ್ಥ, ಬುಡದಿಂದ ಎಲ್ಲವೂ. ಅವರ ಫೈಲುಗಳಷ್ಟೇ ಅಲ್ಲ, ಬ್ಯಾಕಪ್ಪಿಗೆಂದು ಜೋಡಿಸಿದ್ದ ಹೊರಗಿನ ಡಿಸ್ಕೂ ಹೋಯಿತು. ಆ ಸಾಲಿನ ಮೇಲೆ ಬರೆದವರೇ ಒಂದು ಟಿಪ್ಪಣಿ ಹಾಕಿದ್ದರು, ‘ಭಯವಾಗುತ್ತದೆ’ ಎಂಬ ಅರ್ಥದ ಒಂದೇ ಪದ. ಹೆಸರು ಖಾಲಿಯಿದೆಯೇ ಎಂದು ನೋಡುವ ಒಂದು ಸಾಲು ಸಾಕಿತ್ತು. ಭಯ ಬರೆದವರ ಮನಸ್ಸಿನಲ್ಲಿತ್ತು, ಟಿಪ್ಪಣಿಯಲ್ಲೂ ಇತ್ತು. ಸ್ಕ್ರಿಪ್ಟಿಗೆ ಮಾತ್ರ ಅದು ಗೊತ್ತಾಗಲಿಲ್ಲ.

ಮತ್ತೆ ಅಂಧೇರಿಗೆ. ಪ್ರವಾಹದ ಮರುವರ್ಷ ಆ ಹಿರಿಯರ ಪುಸ್ತಕವನ್ನು ಸ್ಕ್ರಿಪ್ಟಾಗಿ ಬರೆಯುವ ಕೆಲಸ ನನಗೆ ಬಂತು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಡಿಸ್ಕ್ ತುಂಬಿದರೆ ಯಾವ ಲಾಗ್ ಅಳಿಸಬಹುದು, ಯಾವುದನ್ನು ಅಳಿಸಬಾರದು. ಪ್ರಿಂಟರಿನ ಸಾಲು ಸಿಕ್ಕಿಬಿದ್ದರೆ ಎಷ್ಟು ಹೊತ್ತು ಕಾಯಬೇಕು. ಒಂದು ಡೇಟಾಬೇಸನ್ನು ಎರಡನೇ ಸಲ ಎಬ್ಬಿಸುವ ಮೊದಲು ಯಾವ ಬೀಗದ ಫೈಲು ನೋಡಬೇಕು, ಅದು ಯಾರದೆಂದು ಹೇಗೆ ತಿಳಿಯಬೇಕು. ಅವರ ಪುಸ್ತಕದಲ್ಲಿ ‘ಮಾಡಬೇಡ’ ಎಂಬ ಸಾಲುಗಳೇ ‘ಮಾಡು’ವುದಕ್ಕಿಂತ ಹೆಚ್ಚಿದ್ದವು. ಸ್ಕ್ರಿಪ್ಟಿನ ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲೇ ಬರೆದೆ, ಅವರು ಹೇಳಿದ ಹಾಗೆಯೇ, ‘ಉಂಟು’ ‘ಎಂತ’ ಸಮೇತ. ನಮ್ಮ ಮ್ಯಾನೇಜರ್ ಇದೇನು ಭಾಷೆ ಎಂದು ಕೇಳಿ ಸುಮ್ಮನಾದರು. ನಾಲ್ಕು ತಿಂಗಳಲ್ಲಿ ಹಳೆಯ ರಾತ್ರಿ ಕರೆಗಳು ಬಹುತೇಕ ನಿಂತವು. ವರ್ಷದೊಳಗೆ ರಾತ್ರಿ ಪಾಳಿಯ ಮೂವರಲ್ಲಿ ಒಬ್ಬರೇ ಸಾಕೆಂದು ತೀರ್ಮಾನವಾಯಿತು. ಅವರನ್ನು ಹಗಲಿನ ಸ್ಟೋರ್ ವಿಭಾಗಕ್ಕೆ ಹಾಕಿದರು. ನೈಟ್ ಅಲೊವೆನ್ಸ್ ಹೋಯಿತು. ಮಗಳ ಕಾಲೇಜಿನ ಫೀಸು ಆ ಅಲೊವೆನ್ಸಿನಿಂದ ಹೋಗುತ್ತಿತ್ತೆಂದು ನನಗೆ ಆಮೇಲೆ ಇನ್ನೊಬ್ಬರಿಂದ ತಿಳಿಯಿತು. ಅವರು ಆ ಮಾತೆತ್ತಲಿಲ್ಲ. ಎರಡು ವರ್ಷಕ್ಕೆ ನಿವೃತ್ತರಾಗಿ ಊರಿಗೆ ಹೋದರು. ಪುಸ್ತಕ ನನಗೆ ಕೊಟ್ಟು ಹೋದರು.

ಈಗ ಹೆಚ್ಚಿನ ಕಡೆ ರಿಪೇರಿಯೇ ಇಲ್ಲ. ಬಾಡಿಗೆಯ ಕ್ಲೌಡ್ ಯಂತ್ರ ಕೆಟ್ಟರೆ ಅದನ್ನು ಎಸೆದು ಅದೇ ಅಚ್ಚಿನ ಇನ್ನೊಂದನ್ನು ಎರಡು ನಿಮಿಷದಲ್ಲಿ ಎಬ್ಬಿಸುತ್ತಾರೆ. ಆದರೆ ಡೇಟಾ ಇರುವ ಡಿಸ್ಕನ್ನು ಎಸೆಯುವಂತಿಲ್ಲ. ಕಳೆದ ವರ್ಷ ಹೈದರಾಬಾದಿನ ನಮ್ಮ ಕಚೇರಿಯಲ್ಲಿ ಅಂಥದೊಂದು ಯಂತ್ರ ರಾತ್ರಿ ಮೂರಕ್ಕೆ ಪ್ರೀನ್ ಮಾಡಿ, ನಾಲ್ಕು ಅಂದು ನಿಂತಿತು. ಪಾಳಿಯಲ್ಲಿದ್ದ ಹುಡುಗ ರಾಯಚೂರಿನವನು. ತೆರೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಫೋನ್ ಮಾಡಿದ.

“ಅಣ್ಣಾರ, ಭಾಳ ಪ್ರಶ್ನೆ ಕೇಳಾಕತ್ತೈತ್ರಿ. ಎಲ್ಲಕ್ಕೂ ವೈ ಹೊಡೀಲೇನ್ರಿ?”

“ತಡಿ ತಮ್ಮಾ. ಮೊದಲನೇದು ಏನು ಕೇಳ್ತಿದೆ, ಓದು.”

ಅವನು ಓದಿದ. ನಾನು ಹಾಸಿಗೆಯಲ್ಲೇ ಎದ್ದು ಕೂತು ಕೇಳಿದೆ. ಹದಿನೇಳನೆಯ ಪ್ರಶ್ನೆಗೆ ಎನ್ ಒತ್ತಿಸಿ, ಡಿಸ್ಕಿನ ನಕಲು ತೆಗೆಯಲು ಹೇಳಿದೆ. ನಕಲು ಮುಗಿಯುವ ಹೊತ್ತಿಗೆ ಬೆಳಗಿನ ಏಳೂವರೆ. ಅವನ ಪಾಳಿ ಆರಕ್ಕೇ ಮುಗಿದಿತ್ತು.